ದೊಡ್ಡಪ್ಪನವರ ಷಷ್ಟ್ಯಬ್ದಿಯೂ ನನ್ನ ತಾಳಜ್ಞಾನವೂ

ರಾಜಾಜಿನಗರದ ಕಲ್ಯಾಣಮಂಟಪವೊಂದರಲ್ಲಿ ನಡೆಯಲಿದ್ದ ದೊಡ್ಡಪ್ಪನವರ ಷಷ್ಟ್ಯಬ್ದಿಗೆ, ಅವರ ಬಾಳಿನ 96 ಭಾವಚಿತ್ರಗಳನ್ನು ಸಂಗೀತಸಮೇತವಾಗಿ ತೆರೆಯ ಮೇಲೆ ಹರಿಸುವ ಹೊಣೆಯು, ಮನೆಯಲ್ಲಿ ಕಂಪ್ಯೂಟರ್ ಬಲ್ಲವನೆಂಬ ಅಪಖ್ಯಾತಿಗೆ ಪಾತ್ರನಾದ ನನ್ನ ತಲೆಗೇ ಬಿದ್ದಿತು. ಮೈಸೂರು ವಾಸುದೇವಾಚಾರ್ಯರ ಖಮಾಚ್ ರಾಗದ ಕೃತಿಯೊಂದನ್ನು ದೊಡ್ಡಪ್ಪನವರೇ ಆಯ್ದುಕೊಟ್ಟಿದ್ದರು. ಧ್ವನಿಮುದ್ರಿಕೆಯ ಅವಧಿ ಸರಿಯಾಗಿ 6 ನಿಮಿಷ. ನಾನು 360 ಸೆಕೆಂಡುಗಳನ್ನು 96ರಿಂದ ಭಾಗಿಸಿ, ಚಿತ್ರವೊಂದಕ್ಕೆ 3.75 ಸೆಕೆಂಡೆಂದು ವಿಧಿಸಿ, ಲೀಲಾವತಿಯನ್ನು ಬರೆದು ಮುಗಿಸಿದ ಭಾಸ್ಕರಾಚಾರ್ಯರಂತೆ ಬೀಗುತ್ತ ಮಲಗಿದೆನು. ಸಿನಿಮಾದವರು ಒಂದೇ ಸೆಕೆಂಡಿನಲ್ಲಿ 24 ಚಿತ್ರ ಓಡಿಸುವಾಗ ನನ್ನದೇನು ಮಹಾ!

ಆದರೆ ಒಂದು ಚಿತ್ರ ಕರಗಿ ಮತ್ತೊಂದು ಮೂಡುವುದಕ್ಕೆ ಒಂದೊಂದು ಸೆಕೆಂಡನ್ನು ಆ ತಂತ್ರಾಂಶವು ಪ್ರತ್ಯೇಕವಾಗಿ ವಸೂಲು ಮಾಡುತ್ತದೆಂಬ ಸತ್ಯ ನನಗೆ ವೇದ್ಯವಾದದ್ದು ತುಂಬಿದ ಸಭೆಯಲ್ಲಿ. 95 ಸಂಧಿಗಳು, 95 ಸೆಕೆಂಡುಗಳು! (ಸಂಧಿಪ್ರಕರಣವು ಶಾಲೆಯಲ್ಲಿಯೂ ನನ್ನನ್ನು ಕೆಡವಿತ್ತು.) ಮಾಂಗಲ್ಯಧಾರಣೆಗೆಂದು ಕಾದಿರಿಸಿದ್ದ ರಭಸದ ಚಿಟ್ಟೆಸ್ವರವು, ತಿರುಪತಿಯಲ್ಲಿ ಮುಡಿಕೊಟ್ಟು ಬಂದಿದ್ದ ಕಾಲೇಜು ದಿನಗಳ ಬೋಳುತಲೆಯ ಮೇಲೆ ಧಾರಾಕಾರವಾಗಿ ಸುರಿಯಿತು. ಕೃತಿ ಮುಗಿದಾಗ ಇನ್ನೂ 20 ಚಿತ್ರಗಳು ಉಳಿದಿದ್ದು, ಅವು ಊಟದ ಮನೆಯಲ್ಲಿ ಎಲೆ ಹಾಕುತ್ತಿದ್ದ ಸದ್ದನ್ನೇ ಪಕ್ಕವಾದ್ಯವಾಗಿ ಮಾಡಿಕೊಂಡು ಮೌನವಾಗಿ ಸಾಗಿದವು. ವಿಜಯನಗರದ ಅತ್ತೆಯ ಸರದಿ ಬಂದದ್ದು ಆಗ.

“ಏನೋ ಇದು, ನನ್ನ ಮುಖ ಬರೋ ಹೊತ್ತಿಗೆ ವಿದ್ವಾಂಸರು ಊಟಕ್ಕೆ ಎದ್ದು ಹೋದ್ರಾ?”

ನಾನು ತಂತಿಯೊಂದನ್ನು ಪರೀಕ್ಷಿಸುವವನಂತೆ ಮೇಜಿನ ಕೆಳಗೆ ಬಗ್ಗಿದೆನು. ಅಲ್ಲಿಂದ ಕಂಡದ್ದಿಷ್ಟೆ: ಸಂಗೀತ ನಿಂತು ನಿಮಿಷ ಕಳೆದಿದ್ದರೂ ದೊಡ್ಡಪ್ಪನವರ ಬಲಗೈ, ಜರಿಪಂಚೆಯ ತೊಡೆಯ ಮೇಲೆ, ಆದಿತಾಳವನ್ನು ಒಂದಕ್ಷರವೂ ತಪ್ಪದೆ ಹಾಕುತ್ತಲೇ ಇತ್ತು.