ಮಾಂತ್ರಿಕನ ಕಸುಬು ಮತ್ತು ಮುಂಗಾರು: ಉಡುಪಿ ಸೀಮೆಯ ಆಧಾರದಲ್ಲಿ ಒಂದು ವಿಚಾರಣೆ

ಮೇಜಿನ ಸುತ್ತ ಕೂತು ದಾಳ ಉರುಳಿಸಿ ಆಡುವ ಮಾಯಾಲೋಕದ ಆಟಗಳಲ್ಲಿ, ಅದರಲ್ಲೂ 1974ರಲ್ಲಿ ಗ್ಯಾರಿ ಗೈಗ್ಯಾಕ್ಸ್ ಮತ್ತು ಡೇವ್ ಆರ್ನೆಸನ್ ಹುಟ್ಟುಹಾಕಿದ ಡಂಜನ್ಸ್ ಅಂಡ್ ಡ್ರ್ಯಾಗನ್ಸ್ ಸಂಪ್ರದಾಯದಲ್ಲಿ, ಮಾಂತ್ರಿಕನು ವಸ್ತು ತಯಾರಿಸುವ ತನ್ನ ಕಸುಬಿನಿಂದ ಗರಿಷ್ಠ ಲಾಭ ಪಡೆಯುವುದು ಹೇಗೆ ಎಂಬ ಪ್ರಶ್ನೆಗೆ ಪಂಡಿತರು ಕೊಡುತ್ತ ಬಂದಿರುವ ಉತ್ತರ ಒಂದೇ: ಬುದ್ಧಿಯ ಅಂಕ ಏರಿಸು, ಕುಶಲತೆಗೆ ಅಂಕ ಸುರಿ. ಪ್ರಸ್ತುತ ಪ್ರಬಂಧದ ವಾದ ಬೇರೆ. ಮಾಂತ್ರಿಕನ ಕಸುಬು ನಿಂತಿರುವುದು ಅವನ ಬುದ್ಧಿಯ ಮೇಲಲ್ಲ, ಪಂಚಾಂಗದ ಮೇಲೆ. ಅದಕ್ಕೆ ಹೇಳಿಮಾಡಿಸಿದ ಪಂಚಾಂಗ ಮಲ್ಪೆಯಿಂದ ಕಾರ್ಕಳದವರೆಗೆ ಚಾಲ್ತಿಯಲ್ಲಿದೆ. ಇದನ್ನು ಪೂರ್ವಪಕ್ಷ, ಸಿದ್ಧಾಂತ ಎಂಬ ಕ್ರಮದಲ್ಲೇ ಸಾಧಿಸಲಾಗುವುದು. ಉಡುಪಿಯ ರಥಬೀದಿಯ ಆಸುಪಾಸಿನಲ್ಲಿ ಬೇರೆ ಕ್ರಮದಲ್ಲಿ ವಾದ ಹೂಡಿದರೆ ಕಿವಿಗೊಡುವವರಿಲ್ಲ.

ಮೊದಲು ಗ್ರಂಥಪ್ರಮಾಣ. 2003ರ ಮೂರೂವರೆಯ ಆವೃತ್ತಿಯ ಪ್ರಕಾರ (ಆವೃತ್ತಿಗೂ ಅರ್ಧ ಇರುತ್ತದೆಂದು ಓದುಗರು ಸದ್ಯಕ್ಕೆ ಒಪ್ಪಿಕೊಳ್ಳಬೇಕು) ಮಂತ್ರದ ವಸ್ತುವೊಂದಕ್ಕೆ ಅದರ ಬೆಲೆಯ ಪ್ರತಿ 1,000 ಚಿನ್ನದ ನಾಣ್ಯಕ್ಕೆ ಒಂದು ದಿನದಂತೆ ದುಡಿಯಬೇಕು. ಬೆಲೆಯ ಅರ್ಧ ಸಾಮಗ್ರಿಗೆ ಹೋಗುತ್ತದೆ. ಇಪ್ಪತ್ತೈದರಲ್ಲಿ ಒಂದು ಭಾಗ ಸಂಪಾದಿಸಿದ ಅನುಭವದ ಅಂಕದಿಂದ ಕಳೆದುಹೋಗುತ್ತದೆ. ದಿನಕ್ಕೆ ಎಂಟು ತಾಸು ಕೆಲಸ. ರಾತ್ರಿಯಿಡೀ ಕೂತು ಬೇಗ ಮುಗಿಸುವಂತಿಲ್ಲ, ಒಂದು ದಿನಕ್ಕೆ ಒಂದೇ ವಸ್ತು. ಈ ಲೆಕ್ಕದಲ್ಲಿ ಕುಶಲತೆಯ ಸುದ್ದಿಯೇ ಇಲ್ಲ, ದಾಳ ಹಾಕುವ ಪ್ರಮೇಯವೂ ಇಲ್ಲ. ಬುದ್ಧಿ ಹೆಚ್ಚಿಸುವ ಅತ್ಯುತ್ತಮ ದರ್ಜೆಯ ತಲೆಪಟ್ಟಿಯ ಬೆಲೆ 36,000. ಮಾಡುವವನ ಬುದ್ಧಿ 18 ಇರಲಿ, 28 ಇರಲಿ, 36 ದಿನ ಕೂರಲೇಬೇಕು. ಕೂರುವುದಕ್ಕೆ ಬೇಕಾದದ್ದು ಬಿಡುವು. ಅದೊಂದೇ ಮಾಂತ್ರಿಕನಿಗೆ ಸಿಗದ್ದು, ಏಕೆಂದರೆ ಅವನ ಜೊತೆಗಾರ ಖಡ್ಗವೀರನಿಗೆ ವಾರಕ್ಕೊಂದು ಗುಹೆಗೆ ನುಗ್ಗದಿದ್ದರೆ ಉಂಡದ್ದು ಅರಗುವುದಿಲ್ಲ.

ಇಂಥ ಖಡ್ಗವೀರರನ್ನು ಮನೆಯಲ್ಲಿ ಕೂರಿಸುವ ಶಕ್ತಿ ಇರುವುದು ವರ್ಷಕ್ಕೆ 4,000 ಮಿಲಿಮೀಟರ್ ಮೀರಿ ಸುರಿಯುವ ಮಳೆಗೆ ಮಾತ್ರ. ಜೂನ್ 1ರಿಂದ ಜುಲೈ 31ರವರೆಗೆ, ಲೆಕ್ಕಕ್ಕೆ 61 ದಿನ, ಯಾಂತ್ರಿಕ ಮೀನುಗಾರಿಕೆಗೆ ನಿಷೇಧ. ಮಲ್ಪೆ ಬಂದರಿನಲ್ಲಿ ಬೋಟುಗಳು ಸಾಲಾಗಿ ತಂಗುತ್ತವೆ, ಬಲೆ ದುರಸ್ತಿಯಾಗುತ್ತದೆ, ಮರಕ್ಕೆ ಬಣ್ಣ ಬೀಳುತ್ತದೆ. ಯಕ್ಷಗಾನ ಮೇಳಗಳು ಮಳೆಗೆ ಮುಂಚಿನ ಪತ್ತನಾಜೆಗೇ ಗೆಜ್ಜೆ ಬಿಚ್ಚಿ ತಿರುಗಾಟ ಮುಗಿಸಿರುತ್ತವೆ. ಸಾಹಸಕ್ಕೊಂದು ಕಾಲ, ತಯಾರಿಗೊಂದು ಕಾಲ ಎಂಬ ವಿಭಾಗ ಇಲ್ಲಿ ಯಾರೂ ಹೇಳಿಕೊಡದೆ ನಡೆಯುತ್ತಿದೆ. ಮಾಂತ್ರಿಕನು ಮಲ್ಪೆಯ ಲೆಕ್ಕವನ್ನೇ ಹಿಡಿದರೆ ತಲೆಪಟ್ಟಿಗೆ 36 ದಿನ, 17,750 ಬೆಲೆಯ ಬೆಂಕಿಯ ದಂಡಕ್ಕೆ 18 ದಿನ, ಉಳಿದ ಏಳು ದಿನದಲ್ಲಿ ಏಳು ಬಾಟಲಿ ಮಂತ್ರಕಷಾಯ. ಬೆಂಕಿಯ ದಂಡವನ್ನು ಮಳೆಗಾಲದಲ್ಲೇ ಮಾಡಬೇಕೆಂಬುದಕ್ಕೆ ಒಣಗದ ಬಟ್ಟೆಗಳ ಕಾರಣವೂ ಉಂಟು.

ಪೂರ್ವಪಕ್ಷ ಸುಮ್ಮನಿರುವುದಿಲ್ಲ. ಒಂಬತ್ತನೆಯ ಲೆವೆಲ್ ಮುಟ್ಟಿದ ಮಾಂತ್ರಿಕನಿಗೆ ಫ್ಯಾಬ್ರಿಕೇಟ್ ಎಂಬ ಮಂತ್ರ ದಕ್ಕುತ್ತದೆ. ಅದನ್ನು ಹೇಳಿದರೆ ಕಚ್ಚಾ ವಸ್ತು ಕಣ್ಣೆದುರೇ ಸಿದ್ಧವಸ್ತುವಾಗುತ್ತದೆ. ಮಳೆ ಕಾಯುವುದೇಕೆ ಎಂದು ಅದು ಕೇಳುತ್ತದೆ. ಉತ್ತರ ಕಾರ್ಕಳದ ಬಂಡೆಯ ಮೇಲಿದೆ. ಭೈರರಸ ಮನೆತನದ ವೀರಪಾಂಡ್ಯ 1432ರಲ್ಲಿ ಪ್ರತಿಷ್ಠೆ ಮಾಡಿಸಿದ ಗೊಮ್ಮಟನ ಎತ್ತರ ಸುಮಾರು 42 ಅಡಿ, ತೂಕ 80 ಟನ್ ಎಂಬುದು ರೂಢಿಯ ಅಂದಾಜು. ಫ್ಯಾಬ್ರಿಕೇಟ್ ಕಲ್ಲಿನ ವಿಷಯದಲ್ಲಿ ಲೆವೆಲ್ಲಿಗೆ ಒಂದೇ ಘನ ಅಡಿಯಂತೆ ದುಡಿಯುತ್ತದೆ. ಘನ ಅಡಿಗೆ 75 ಕಿಲೋ ಎಂದಿಟ್ಟುಕೊಂಡರೆ ನಮ್ಮ ಒಂಬತ್ತನೆಯ ಲೆವೆಲ್ಲಿನವನ ಕೈಯಲ್ಲಿ ಮೂರ್ತಿ 119 ತುಂಡುಗಳಾಗಿ ಹೊರಬರುತ್ತದೆ. ಇಪ್ಪತ್ತನೆಯ ಲೆವೆಲ್ಲಿನ ಮಹಾಮಾಂತ್ರಿಕನೂ 54ಕ್ಕಿಂತ ಕೆಳಗಿಳಿಸಲಾರ. ಏಕಶಿಲೆ ಎಂಬ ಮಾತು ಅಲ್ಲಿಗೆ ಮುಗಿಯಿತು. ಸಾಲದ್ದಕ್ಕೆ ನಾಜೂಕಿನ ಕೆಲಸಕ್ಕೆ ಈ ಮಂತ್ರದಲ್ಲೂ ದಾಳ ಹಾಕಬೇಕು. ಮುಖದ ತುಂಡಿನ ಸರದಿಯಲ್ಲೇ 1 ಬಿದ್ದರೆ ಮುಂದಿನ ಆರು ಶತಮಾನದ ಭಕ್ತರಿಗೆ ಏನೆಂದು ಸಮಜಾಯಿಷಿ? ಇಪ್ಪತ್ತನೆಯ ಶತಮಾನದಲ್ಲಿ ರೆಂಜಾಳ ಗೋಪಾಲ ಶೆಣೈಯವರು ಕಾರ್ಕಳದಲ್ಲಿ ಕಡೆದ 39 ಅಡಿಯ ಬಾಹುಬಲಿ 1973ರಲ್ಲಿ ಧರ್ಮಸ್ಥಳಕ್ಕೆ ಸಾಗಿತು, ಪ್ರತಿಷ್ಠೆಯಾದದ್ದು 1982ರಲ್ಲಿ. ಯಂತ್ರಗಳ ಕಾಲದಲ್ಲೂ ಕಲ್ಲು ದಿನಗಳನ್ನೇ ಕೇಳಿತು.

ಎರಡನೆಯ ಪೂರ್ವಪಕ್ಷ ಸ್ವಲ್ಪ ಸೂಕ್ಷ್ಮ. ದಿನದ ಲೆಕ್ಕ ಬೆಲೆಗೆ ಗಂಟುಬಿದ್ದಿದ್ದರೆ, ಬೆಲೆ ಏರಿದಾಗ ಅದೇ ವಸ್ತುವಿಗೆ ಹೆಚ್ಚು ದಿನ ಹಿಡಿಯಬೇಕು, ಇದಕ್ಕೆ ಅರ್ಥವಿದೆಯೇ? ಕಾಪುವಿಗೆ ಹತ್ತಿರದ ಶಂಕರಪುರವನ್ನು ನೋಡಿ. ಅಲ್ಲಿ ಮಲ್ಲಿಗೆಯ ಲೆಕ್ಕ ಅಟ್ಟಿಯಲ್ಲಿ: ನಾಲ್ಕು ಚೆಂಡು ಸೇರಿ ಒಂದು ಅಟ್ಟಿ, ಚೆಂಡಿಗೆ ಸುಮಾರು 800 ಹೂ. ಬೆಳಿಗ್ಗೆ ಮೊಗ್ಗು ಕೊಯ್ದು, ನೆನೆಸಿದ ಬಾಳೆನಾರಿನಲ್ಲಿ ಒತ್ತೊತ್ತಾಗಿ ಕಟ್ಟಿ, ಹೊತ್ತು ಮೀರುವ ಮೊದಲು ಕಟ್ಟೆಗೆ ಮುಟ್ಟಿಸಬೇಕು. ಮದುವೆಯ ಸೀಸನ್ನಿನಲ್ಲಿ ಅಟ್ಟಿ ಎರಡು ಸಾವಿರ ರೂಪಾಯಿ ದಾಟುತ್ತದೆ. ಕೇಳುವವರಿಲ್ಲದಾಗ ಕೆಲವು ನೂರಕ್ಕೆ ಕುಸಿಯುತ್ತದೆ. ಹೂ ಕಟ್ಟುವ ಹೆಂಗಸಿನ ಬೆರಳು ಮಾತ್ರ ಎರಡೂ ದಿನ ಒಂದೇ ವೇಗದಲ್ಲಿ ಓಡುತ್ತದೆ. ನಿಯಮ ನಿಜವಾಗಿದ್ದರೆ ಮದುವೆಯ ಹಿಂದಿನ ದಿನ ಅದು ಮರಗಟ್ಟಬೇಕಿತ್ತು. ಹಾಗಾಗಿ ನಿಯಮ ಅಸಂಬದ್ಧ ಎಂಬುದನ್ನು ನಾವೂ ಒಪ್ಪುತ್ತೇವೆ. ಆದರೆ ಈ ಬಗೆಯ ಆಟದಲ್ಲಿ ನಿಯಮದ ಅಸಂಬದ್ಧತೆಯೇ ಆಟಗಾರನ ಆಸ್ತಿ. ಬೆಲೆ ಇಳಿದಾಗ ದಿನವೂ ಇಳಿಯುವುದಾದರೆ, ಮದುವೆ-ಮುಂಜಿಗಳಿಲ್ಲದ ತುಳು ತಿಂಗಳಾದ ಆಟಿಯಲ್ಲಿ ಮಾಡಿ, ಸೀಸನ್ನಿನಲ್ಲಿ ಮಾರುವುದೇ ಸರಿ. ಮಳೆಗೆ ಹೂವೇ ಕಡಿಮೆಯಾಗಿ ದರ ಏರುವುದೂ ಉಂಟಲ್ಲ ಎನ್ನಬಹುದು. ತಲೆಪಟ್ಟಿ ಗಿಡದಲ್ಲಿ ಬಿಡುವುದಿಲ್ಲ. ಪುಸ್ತಕದಲ್ಲಿ ಅಚ್ಚಾದ ಬೆಲೆ ಬದಲಾಗದು ಎಂದು ಆಟ ನಡೆಸುವ ಡಂಜನ್ ಮಾಸ್ಟರ್ ಹಟ ಹಿಡಿದರೆ, ಆತ ಶಂಕರಪುರದ ಕಟ್ಟೆಯಲ್ಲಿ ಒಂದು ಬೆಳಗೂ ನಿಂತವನಲ್ಲ ಎಂದು ತಿಳಿಯತಕ್ಕದ್ದು.

ಸಿದ್ಧಾಂತಕ್ಕೆ ಅತ್ಯಂತ ಬಲವಾದ ಪ್ರಮಾಣ ಆಟಿ ಅಮಾವಾಸ್ಯೆಯದು. ಗ್ರಂಥದ ಪ್ರಕಾರ ಕಷಾಯ ಕಾಯಿಸಲು ಮೂರನೆಯ ಲೆವೆಲ್ ಆಗಬೇಕು, ಅದಕ್ಕೆಂದೇ ಒಂದು ಫೀಟ್ (ಪಾತ್ರಕ್ಕೆ ಸಿಗುವ ವಿಶೇಷ ಸಾಮರ್ಥ್ಯ) ವ್ಯಯಿಸಬೇಕು, ದಿನಕ್ಕೆ ಒಂದೇ ಗುಟುಕು ತಯಾರಾಗುತ್ತದೆ. ತುಳುನಾಡಿನ ಮನೆಗಳಲ್ಲಿ ಆ ದಿನ ಬೆಳಕು ಹರಿಯುವ ಮೊದಲೇ ಹಾಲೆ ಮರದ ತೊಗಟೆಯನ್ನು ಕಬ್ಬಿಣ ಸೋಕಿಸದೆ ಕಲ್ಲಿನಿಂದ ಜಜ್ಜಿ ತೆಗೆದು, ಅರೆದು ರಸ ಹಿಂಡಿ, ಓಮ, ಕಾಳುಮೆಣಸು, ಬೆಳ್ಳುಳ್ಳಿ ಸೇರಿಸಿ, ಕೆಂಡದಲ್ಲಿ ಕಾಯಿಸಿದ ಬೆಣಚುಕಲ್ಲನ್ನು ಅದರೊಳಗೆ ಚುಂಯ್ ಎನ್ನುವಂತೆ ಅದ್ದಿ, ಮನೆಮಂದಿಗೆಲ್ಲ ಖಾಲಿ ಹೊಟ್ಟೆಗೆ ಕುಡಿಸುತ್ತಾರೆ. ಮೇಲೆ ಮೆಂತೆ ಗಂಜಿ. ಯಾರಿಗೂ ಫೀಟ್ ಇಲ್ಲ, ಲೆವೆಲ್ ಯಾರೂ ವಿಚಾರಿಸುವುದಿಲ್ಲ. ಬೇಕಾದದ್ದು ಒಂದೇ, ತಾರೀಖು; ಮಾರನೆಯ ದಿನ ಅದೇ ತೊಗಟೆಗೆ ಆ ಮಹಿಮೆ ಇಲ್ಲವೆಂದು ನಂಬಿಕೆ. ಕತ್ತಲಲ್ಲಿ ಹಾಲೆಯೆಂದು ವಿಷದ ಕಾಸರಕನ ಮರಕ್ಕೆ ಕಲ್ಲೆತ್ತಿದರೆ ಪ್ರಾಣಕ್ಕೇ ಕುತ್ತು, ಆದ್ದರಿಂದ ಕುಶಲತೆ ಬೇಕೇ ಬೇಕು ಎಂಬ ಆಕ್ಷೇಪ ನಿಲ್ಲುವುದಿಲ್ಲ. ತಿಳಿದವರು ಹಿಂದಿನ ದಿನ ಹಗಲಲ್ಲೇ ಮರ ನೋಡಿಟ್ಟಿರುತ್ತಾರೆ. ಅದೂ ಪಂಚಾಂಗದ್ದೇ ಕೆಲಸ.

ಆಟಿಯಲ್ಲಿ ಹೊಸ ಕೆಲಸಕ್ಕೆ ಕೈಹಾಕಬಾರದಲ್ಲ ಎಂದು ಹಿರಿಯರು ಅಡ್ಡಬಂದಾರು. ಗಣಿತ ಅವರನ್ನೂ ಸಮಾಧಾನಪಡಿಸುತ್ತದೆ: ಜೂನ್ 1ಕ್ಕೆ ಹಿಡಿದ ತಲೆಪಟ್ಟಿ ಜುಲೈ 6ಕ್ಕೆ ಮುಗಿಯುತ್ತದೆ, ದಂಡ 7ಕ್ಕೆ ಶುರುವಾಗುತ್ತದೆ, ಆಟಿ ಹುಟ್ಟುವುದು ಅದರ ಮೇಲೆ. ಆಟಿಯೊಳಗೆ ಶುರುವಾಗುವುದು ಕಷಾಯ ಮಾತ್ರ, ಅದಕ್ಕೆ ಆ ತಿಂಗಳೇ ಮುಹೂರ್ತ. ಕೆಲಸದ ಜಾಗದಲ್ಲಿ ಒಳ್ಳೆಯ ಬೆಳಕಿರಬೇಕೆಂದು ಗ್ರಂಥ ವಿಧಿಸುತ್ತದೆ. ಮಳೆಗಾಲದ ಕರೆಂಟು ನಂಬುವಂಥದ್ದಲ್ಲ. ಎರಡನೆಯ ವರ್ಗದ ಆರದ ಜ್ವಾಲೆಯ ಮಂತ್ರವಿದೆ. 1901ರಿಂದ ನಿಂತಿರುವ ಕಾಪು ದೀಪಸ್ತಂಭಕ್ಕೇ ಅದು ಸಾಕಾಗಿದ್ದೀತು, ಕೋಣೆಗೆ ಧಾರಾಳ. ಇನ್ನು ಸಾಮಗ್ರಿಗೆ ಬೇಕಾದ ಸುಮಾರು 27,000 ನಾಣ್ಯದ ಮಾತು. ದಿನಕ್ಕೆ ಎರಡಾಣೆಯಂತೆ ಮನೆಬಾಗಿಲಲ್ಲೇ ಸಂಗ್ರಹಿಸುತ್ತಿದ್ದ ಪಿಗ್ಮಿ ಠೇವಣಿಯನ್ನು 1928ರಲ್ಲೇ ಶುರುಮಾಡಿ, 2020ರವರೆಗೆ ಬಾಳಿದ ಸಿಂಡಿಕೇಟ್ ಬ್ಯಾಂಕಿನ ಮಣಿಪಾಲದಲ್ಲಿ ವಾಸವಿರುವ ಮಾಂತ್ರಿಕ ಈ ವಿಷಯದಲ್ಲಿ ಪ್ರಶ್ನೆ ಎತ್ತುವುದೇ ಅಶೋಭೆ.

ಕೊನೆಗೆ ಉಳಿಯುವುದು ಇದೇ ಸಂಪ್ರದಾಯದ ಇನ್ನೊಂದು ಆಟವಾದ 2009ರ ಪಾಥ್‌ಫೈಂಡರ್ ಮತ. ಅದು ಅನುಭವದ ಅಂಕ ಕಳೆಯುವ ಪದ್ಧತಿಯನ್ನು ತೆಗೆದುಹಾಕಿತು. ಬದಲಿಗೆ ದಾಳವೊಂದನ್ನು ತಂದಿತು, ಸಾಹಸಯಾತ್ರೆಯ ನಡುವೆಯೇ ದಿನಕ್ಕೆ ನಾಲ್ಕು ತಾಸು ಕೆಲಸ ಮಾಡಲು ಅನುಮತಿಸಿತು. ಹಾಗಾದರೆ ಬಿಡುವೇ ಬೇಡವಲ್ಲ ಎಂದು ಆ ಮತದವರು ಹಿಗ್ಗುತ್ತಾರೆ. ಆದರೆ ಅದೇ ನಿಯಮದ ಮುಂದಿನ ಮಾತು, ಹಾಗೆ ದುಡಿದ ನಾಲ್ಕು ತಾಸಿನಲ್ಲಿ ಲೆಕ್ಕಕ್ಕೆ ಹಿಡಿಯುವುದು ಎರಡೇ ತಾಸು. ಮಿಕ್ಕ ಎರಡು ತಾಸು ಎಲ್ಲಿಗೆ ಹೋಯಿತೆಂದು ಗ್ರಂಥ ಬಾಯಿಬಿಡುವುದಿಲ್ಲ. ಕಾರ್ಕಳ ದಾಟಿ ಕುದುರೆಮುಖದ ಕಾಡಿನಲ್ಲಿ ಜುಲೈ ತಿಂಗಳಲ್ಲಿ ಬಿಡಾರ ಹೂಡಿದವರಿಗೆ ಗೊತ್ತು: ಕಾಲಿಗೆ ಹತ್ತಿದ ಇಂಬಳ ಕೀಳಲು ಅಷ್ಟು ಹೊತ್ತು ಬೇಕೇ ಬೇಕು.