ಒಳಗ ಯಾರು ನಿಂದ್ರಬೇಕು?

ಕುಬಸ ಮುಗಿಯುತ್ತದೆ. ಹಸಿರು ಬಳೆ ತೊಡಿಸಿದ್ದಾಯಿತು, ಉಡಿ ತುಂಬಿದ್ದಾಯಿತು, ಓಣಿಯ ಮರಾಠಿ ಗೆಳತಿಯರ ಒತ್ತಾಯಕ್ಕೆ ಹೂವಿನ ಒಡವೆ ಹಾಕಿ, ಕೈಗೆ ಬಿಲ್ಲು ಕೊಟ್ಟು ಡೋಹಾಳೆ ಜೇವಣದ ಫೋಟೋ ತೆಗೆಸಿದ್ದೂ ಆಯಿತು. ಅಲ್ಲಿಗೆ ಗಡಿಯ ಈಚೆ, ಮಹಾರಾಷ್ಟ್ರದ ಉಮರ್ಗಾ, ನಿಲಂಗಾ, ಉದಗೀರಿನ ಕನ್ನಡ ಮನೆಗಳಲ್ಲಿ ಜಗಳದ ಹಂಗಾಮು ಶುರು. ಹೆರಿಗೆ ಕೋಣೆಯ ಒಳಗೆ ಬಸುರಿಯ ಜೊತೆ ಯಾರು ನಿಲ್ಲಬೇಕು? ಮೊದಲ ಬಾಣಂತನ ತವರಿನದು, ಆದ್ದರಿಂದ ನಾನು ಎನ್ನುತ್ತಾಳೆ ಅವ್ವ. ಬಾಣಂತನ ನಿಮ್ಮದಿರಲಿ, ಕೂಸು ನಮ್ಮದು, ಆದ್ದರಿಂದ ನಾನು ಎನ್ನುತ್ತಾಳೆ ಅತ್ತೆ. ಯಾವ ಕಡೆಯಿಂದಲೂ ಹಕ್ಕಿಲ್ಲದ ಅಬಚಿ ಮಾತೇ ಆಡುವುದಿಲ್ಲ. ಆಸ್ಪತ್ರೆಗೆ ಉಟ್ಟುಕೊಂಡು ಹೋಗುವ ಸೀರೆಗೆ ಆಗಲೇ ಇಸ್ತ್ರಿ ಮಾಡಿಸಿ ಇಟ್ಟಿರುತ್ತಾಳೆ. ಕೊನೆಗೆ ಬಸುರಿಯನ್ನೇ ಕೇಳಿದರೆ ಆಕೆ ಗೋಡೆ ನೋಡುತ್ತ ‘ಯಾರೂ ಬ್ಯಾಡ’ ಎನ್ನುತ್ತಾಳೆ. ಲಾತೂರಿನಲ್ಲಿ ಕಾಲೇಜು ಓದಿಸಿದ್ದೇ ತಪ್ಪಾಯಿತೆಂದು ಹಿರಿಯರು ತೀರ್ಪು ಕೊಡುತ್ತಾರೆ. ಕಾರಣ ಕಾಲೇಜಲ್ಲ, ಸೊಕ್ಕೂ ಅಲ್ಲ. ತಿಣುಕುವಾಗ ಕೂಸಿಗಿಂತ ಮೊದಲು ಬೇರೆಯದೇ ಹೊರಗೆ ಬಂದುಬಿಟ್ಟರೆ? ಈ ಪ್ರಶ್ನೆಯನ್ನು ಆಕೆ ಗಂಡನ ಮುಂದೂ ಬಾಯಿ ಬಿಟ್ಟು ಕೇಳಿರುವುದಿಲ್ಲ. ರಾತ್ರಿ ಮುಸುಕು ಹೊದ್ದು ಮೊಬೈಲನ್ನು ಮಾತ್ರ ಕೇಳಿರುತ್ತಾಳೆ, ಅದೂ ಮರಾಠಿಯಲ್ಲಿ.

ನಗುವ ಮೊದಲು ಒಂದು ಮಾತು ಒಪ್ಪಬೇಕು. ಈ ಹೆದರಿಕೆ ಹುಸಿಯಲ್ಲ. ಕೂಸಿನ ತಲೆ ಇಳಿದು ಬರುವ ದಾರಿಯ ಬೆನ್ನಿಗೇ ಗುದನಾಳವಿದೆ, ನಡುವೆ ಇರುವುದು ತೆಳ್ಳನೆಯ ಗೋಡೆ. ತಲೆ ಕೆಳಗೆ ಸರಿದಷ್ಟೂ ಗುದನಾಳ ಒತ್ತಿ ಚಪ್ಪಟೆಯಾಗುತ್ತದೆ. ಒಳಗೆ ಏನಾದರೂ ಉಳಿದಿದ್ದರೆ ಅದಕ್ಕೆ ಹೊರಗಿನ ದಾರಿಯೊಂದೇ ಗತಿ. ಬ್ಯಾನಿಯ ಹೊತ್ತಿಗೆ ಮೈಯಲ್ಲಿ ಹೆಚ್ಚುವ ಪ್ರೊಸ್ಟಗ್ಲಾಂಡಿನ್ ಗರ್ಭಕೋಶವನ್ನಷ್ಟೇ ಎಬ್ಬಿಸಿ ಸುಮ್ಮನಾಗುವುದಿಲ್ಲ, ಕರುಳನ್ನೂ ಎಬ್ಬಿಸುತ್ತದೆ. ಸಾಲದ್ದಕ್ಕೆ ನರ್ಸಬಾಯಿಯ ಅಪ್ಪಣೆ ಬೇರೆ: ‘ಸಂಡಾಸಿಗೆ ಕೂತಾಗ ಜೋರ ಹಾಕ್ತೀರಲ್ಲ, ಹಂಗ ಹಾಕ್ರಿ.’ ಗಡಿಯ ಆಚೆ ಕನ್ನಡದಲ್ಲಿ, ಈಚೆ ಮರಾಠಿಯಲ್ಲಿ, ಅರ್ಥದಲ್ಲಿ ಎಳ್ಳಷ್ಟೂ ವ್ಯತ್ಯಾಸವಿಲ್ಲ. ಹೆರುವುದಕ್ಕೂ ಅದಕ್ಕೂ ಬಳಸುವ ಸ್ನಾಯುಗಳು ಒಂದೇ ಆದ್ದರಿಂದ ಇದಕ್ಕಿಂತ ಸ್ಪಷ್ಟವಾಗಿ ಹೇಳುವ ಬಗೆಯೂ ಇಲ್ಲ. ಹೇಳಿದ್ದನ್ನು ಅಕ್ಷರಶಃ ಪಾಲಿಸಿದ ಹುಡುಗಿಯೇ ನಾಚಿಕೊಳ್ಳಬೇಕು ಎನ್ನುವುದು ಯಾವ ಊರಿನ ನ್ಯಾಯ? ಅನುಭವವಿರುವ ನರ್ಸಿಗೆ ಅದು ಹುಡುಗಿ ಸರಿಯಾದ ಕಡೆಗೇ ಜೋರು ಹಾಕುತ್ತಿದ್ದಾಳೆ ಎಂಬುದರ ಗುರುತು. ಒರೆಸುತ್ತಾಳೆ, ಬಟ್ಟೆ ಬದಲಿಸುತ್ತಾಳೆ, ‘ಶಾಬಾಸ್, ಇನ್ನೊಂದು’ ಎನ್ನುತ್ತಾಳೆ. ಎಷ್ಟೋ ಸಲ ಹೆರುವವಳಿಗೆ ಗೊತ್ತೇ ಆಗಿರುವುದಿಲ್ಲ.

ಡಾಕ್ಟರು ಇಷ್ಟನ್ನು ವಿವರಿಸಿ ‘ಇದೆಲ್ಲ ಸಹಜ’ ಎಂದರೂ ಹುಡುಗಿಗೆ ನಿದ್ದೆ ಬರುವುದಿಲ್ಲ. ಡಾಕ್ಟರು ಉತ್ತರಿಸಿದ್ದು ‘ಆಗುತ್ತದೆಯೇ’ ಎಂಬ ಪ್ರಶ್ನೆಗೆ. ಆಕೆ ಕೇಳುತ್ತಿರುವುದು ‘ಆದದ್ದು ಯಾರಿಗೆ ಗೊತ್ತಾಗುತ್ತದೆ’ ಎಂದು. ನನ್ನ ವಾದವಿಷ್ಟೆ. ಈ ನಾಚಿಕೆಗೆ ಮೂಲ ಹೆರುವವಳ ಕರುಳಲ್ಲ, ನೋಡಿ ಬಂದವರ ನಾಲಿಗೆ. ನರ್ಸು ದಿನವೂ ನೋಡುತ್ತಾಳೆ, ಪಕ್ಕದ ಹಾಸಿಗೆಗೆ ಹೋಗುವುದರೊಳಗೆ ಮರೆಯುತ್ತಾಳೆ. ಅಬಚಿ ಒಮ್ಮೆ ನೋಡುತ್ತಾಳೆ, ಆ ಕೂಸಿನ ಮದುವೆಯ ಪಂಕ್ತಿಯಲ್ಲಿ ನೆನೆಸಿಕೊಳ್ಳುತ್ತಾಳೆ. ಆ ನಾಲಿಗೆಗೆ ಗಡಿಯ ಹಂಗೂ ಇಲ್ಲ. ಉಮರ್ಗಾದ ಸೊಸೆಗೆ ತವರು ಗಡಿಯಾಚೆಯ ಆಳಂದ, ನಾದಿನಿ ಬಸವಕಲ್ಯಾಣದಲ್ಲಿ, ಅತ್ತೆಯ ತಂಗಿ ಭಾಲ್ಕಿಯಲ್ಲಿ, ಸೋದರಮಾವ ಉದಗೀರಿನಲ್ಲಿ. ನಿಲಂಗಾ, ಉದಗೀರ ಎರಡೂ ಹೈದರಾಬಾದ್ ರಾಜ್ಯದ ಬೀದರ್ ಜಿಲ್ಲೆಯಲ್ಲಿದ್ದವು. 1956ರ ನವೆಂಬರ್ 1ರಂದು ಮುಂಬಯಿ ರಾಜ್ಯದ ಉಸ್ಮಾನಾಬಾದ್ ಜಿಲ್ಲೆಗೆ ಸೇರಿದವು, 1960ರಲ್ಲಿ ಮಹಾರಾಷ್ಟ್ರಕ್ಕೆ, 1982ರಲ್ಲಿ ಹೊಸ ಲಾತೂರ್ ಜಿಲ್ಲೆಗೆ. ಹೊಸ್ತಿಲು ದಾಟದೆಯೇ ಮೂರು ರಾಜ್ಯ, ಮೂರು ಜಿಲ್ಲೆ ತಿರುಗಿ ಬಂದು ಹೊರನಾಡಿಗರಾದ ಆಯಿಗಳು ಇನ್ನೂ ಕಟ್ಟೆಯ ಮೇಲಿದ್ದಾರೆ. ಸಾಲಿ, ಕಚೇರಿ, ಬೋರ್ಡು, ಬಸ್ಸಿನ ಬಣ್ಣ ಎಲ್ಲವನ್ನೂ ಬೇರೆ ಮಾಡಿದ ಗಡಿಗೆ ಬೀಗರ ಸುದ್ದಿಯನ್ನು ಮಾತ್ರ ತಡೆಯಲಾಗಲಿಲ್ಲ.

ಹಾಗಿದ್ದರೆ ಮೊದಲೇ ಹೊಟ್ಟೆ ತೊಳೆಸಿಬಿಟ್ಟರಾಯಿತಲ್ಲ ಎನ್ನುವವರಿದ್ದಾರೆ. ಎನಿಮಾ ಕೊಡುವುದು ಒಂದು ಕಾಲದಲ್ಲಿ ಹೆರಿಗೆ ಆಸ್ಪತ್ರೆಗಳ ಪರಿಪಾಠವೇ ಆಗಿತ್ತು. ವಿಶ್ವ ಆರೋಗ್ಯ ಸಂಸ್ಥೆ 1996ರಲ್ಲೇ ಅದನ್ನು ಕೈಬಿಡಬೇಕಾದ ರೂಢಿಗಳ ಪಟ್ಟಿಗೆ ಸೇರಿಸಿತು. 1917 ಹೆಂಗಸರ ಮೇಲೆ ನಡೆದ ನಾಲ್ಕು ಪ್ರಯೋಗಗಳನ್ನು 2013ರಲ್ಲಿ ಒಟ್ಟಿಗಿಟ್ಟು ನೋಡಿದ ಕೊಕ್ರೇನ್ ಪರಿಶೀಲನೆಗೂ, ತಾಯಿಗಾಗಲಿ ಕೂಸಿಗಾಗಲಿ ಸೋಂಕು ತಗ್ಗಿದ್ದು ಕಾಣಲಿಲ್ಲ. ಮೇಲಾಗಿ ತೊಳೆಸಿದ್ದು ಪೂರ್ತಿ ಹೋಗದೆ ನೀರಾಗಿ ಉಳಿದರೆ ಹೊರಗೆ ಬರುವಾಗ ಅದನ್ನು ಒರೆಸುವುದೇ ಹೆಚ್ಚು ಕಷ್ಟ. ಹಿರಿಯರ ಪೆಟ್ಟಿಗೆಯಿಂದ ಹೊರಬರುವ ಹರಳೆಣ್ಣೆಯ ಬಾಟಲಿಯನ್ನಂತೂ ಡಾಕ್ಟರನ್ನು ಕೇಳದೆ ಮುಟ್ಟಬಾರದು. ಭೇದಿ, ವಾಂತಿ, ಸುಸ್ತು ಮೂರೂ ಒಟ್ಟಿಗೆ ಬಂದಮೇಲೆ ಹೆರುವ ಶಕ್ತಿ ಎಲ್ಲಿಂದ ಬರಬೇಕು? ಹುಡುಗಿಯ ಗುಟ್ಟಿನ ಉಪಾಯ ಇನ್ನೊಂದಿದೆ, ಉಪವಾಸ. ಒಂಬತ್ತು ತುಂಬುತ್ತಲೇ ಜೋಳದ ರೊಟ್ಟಿ ಬಿಟ್ಟು ಚಹಾ ಬಿಸ್ಕೀಟಿನ ಮೇಲೆ ಇರುತ್ತಾಳೆ. ದೊಡ್ಡ ಕರುಳಿನಲ್ಲಿ ಇರುವುದು ಹಿಂದಿನ ದಿನಗಳದ್ದು, ಇವತ್ತಿನ ಉಪವಾಸ ಅದಕ್ಕೆ ತಾಗುವುದಿಲ್ಲ. ಕಬ್ಬಿಣಾಂಶದ ಗುಳಿಗೆಯಿಂದ ಮೊದಲೇ ಬಿಗಿದ ಹೊಟ್ಟೆ ರೊಟ್ಟಿ ಪಲ್ಯ ಬಿಟ್ಟರೆ ಇನ್ನಷ್ಟು ಬಿಗಿಯುತ್ತದೆ. ಅತ್ತ ಅತ್ತೆ ತುಪ್ಪ ಸುರಿಯುತ್ತಾಳೆ, ಇತ್ತ ಸೊಸೆ ತಾಟು ಸರಿಸುತ್ತಾಳೆ. ಇಬ್ಬರ ನಡುವೆ ಒಂದು ಮಾತು ನಡೆದಿದ್ದರೆ ಊಟವಾದರೂ ನೆಟ್ಟಗಾಗುತ್ತಿತ್ತು.

ಬುದ್ಧಿವಂತರು ಮೂರನೆಯ ದಾರಿ ಹುಡುಕಿದ್ದಾರೆ: ಸಿಜೇರಿಯನ್. ಕಾರಣವಿದ್ದಾಗ ಅದು ಜೀವ ಉಳಿಸುತ್ತದೆ, ಆ ಮಾತು ಬೇರೆ. ಮಾನ ಉಳಿಸಿಕೊಳ್ಳಲೆಂದು ಅದನ್ನು ಬೇಡಿ ಪಡೆಯುವವರು ಮರುದಿನ ಬೆಳಗಿನ ರೌಂಡಿನ ಬಗ್ಗೆ ಕೇಳಿಲ್ಲವೆಂದು ಕಾಣುತ್ತದೆ. ಡಾಕ್ಟರು ಬರುತ್ತಾರೆ, ಹಿಂದೆ ಇಬ್ಬರು ನರ್ಸು, ಹಾಸಿಗೆಯ ಸುತ್ತ ಅತ್ತೆ, ಮಾವ, ಮೈದುನ, ಕೂಸು ನೋಡಲು ಬಸ್ಸಿಳಿದು ನೇರ ಬಂದ ಬೀಗರು. ಅವರೆಲ್ಲರ ಎದುರಿಗೆ ಡಾಕ್ಟರು ಕೇಳುವ ಮೊದಲ ಪ್ರಶ್ನೆ: ‘ಗ್ಯಾಸ್ ಹೋತೇನ್ರಿ?’ ಹೊಟ್ಟೆ ಕೊಯ್ದಮೇಲೆ ಕರುಳು ಮತ್ತೆ ಕೆಲಸಕ್ಕೆ ಹಾಜರಾಗಿದೆಯೋ ಇಲ್ಲವೋ ತಿಳಿಯುವ ಸರಳ ಪರೀಕ್ಷೆ ಅದು. ಇಲ್ಲ ಎಂದು ತಲೆ ಅಲ್ಲಾಡಿಸಿದರೆ ಮುಗಿಯಿತು, ಆ ಕ್ಷಣದಿಂದ ಅದು ಹುಡುಗಿಯೊಬ್ಬಳ ಗ್ಯಾಸಲ್ಲ, ಎರಡು ರಾಜ್ಯಗಳ ನಡುವಿನ ಪ್ರಶ್ನೆ. ಹತ್ತು ಗಂಟೆಗೆ ಆಳಂದದಿಂದ ಫೋನು: ಹೋತಾ? ಹನ್ನೊಂದಕ್ಕೆ ಭಾಲ್ಕಿಯಿಂದ: ಇನ್ನೂ ಇಲ್ಲಾ? ಮಾವನವರು ವರಾಂಡದಲ್ಲಿ ಅಡ್ಡಾಡುತ್ತಾರೆ. ಮದುವೆಯಾದಂದಿನಿಂದ ಸೊಸೆಯ ಜೊತೆ ನಾಲ್ಕು ಮಾತಾಡದ ಮನುಷ್ಯ ಬಾಗಿಲ ಸಂದಿಯಿಂದ ‘ಏನಾರ ಆತೇನು?’ ಎಂದು ವಿಚಾರಿಸುತ್ತಾರೆ. ಆಯಿ ತುಳಜಾಪುರದ ಅಂಬಾಭವಾನಿಗೆ ಹರಕೆ ಹೊರುತ್ತಾಳೆ. ಜಗತ್ತಿಗೆ ಗಂಡುಮಗು, ನೌಕರಿ, ಮಳೆ ಕೊಟ್ಟ ದೇವಿಗೆ ಇಂಥ ಅರ್ಜಿ ಬಂದದ್ದುಂಟೋ ಇಲ್ಲವೋ. ಅಷ್ಟರಲ್ಲಿ ಡಾಕ್ಟರು ಚ್ಯೂಯಿಂಗ್ ಗಮ್ ಬರೆದುಕೊಡುತ್ತಾರೆ. ನಗಬೇಡಿ, 3149 ಹೆಂಗಸರ ಮೇಲಿನ ಪ್ರಯೋಗಗಳನ್ನು 2016ರಲ್ಲಿ ಪರಿಶೀಲಿಸಿದಾಗ, ಸಿಜೇರಿಯನ್ ಆದ ಕೂಡಲೇ ಚ್ಯೂಯಿಂಗ್ ಗಮ್ ಜಗಿದವರಿಗೆ ಸುಮಾರು 7 ಗಂಟೆ ಮೊದಲೇ ಗ್ಯಾಸ್ ಹೋಗಿದ್ದು ಕಂಡುಬಂದಿದೆ. ಆಯಿಗೆ ಈ ಸಂಶೋಧನೆ ಗೊತ್ತಿಲ್ಲ. ಬಾಣಂತಿ ಮಲಗಿಕೊಂಡು ಗಮ್ ಜಗಿಯುವುದು ಕಂಡು ಎದೆ ಬಡಿದುಕೊಳ್ಳುತ್ತಾಳೆ. ಸಂಜೆಗೆ ಸುದ್ದಿ ಬರುತ್ತದೆ. ಆಳಂದಕ್ಕೆ ಫೋನು ಹೋಗುತ್ತದೆ, ಭಾಲ್ಕಿಗೆ ಹೋಗುತ್ತದೆ, ಮಾವನವರು ಸ್ವತಃ ಪೇಢೆ ತರುತ್ತಾರೆ. ಕೂಸು ಹುಟ್ಟಿದ್ದಕ್ಕೆ ಪೇಢೆ ಹಿಂದಿನ ದಿನವೇ ಹಂಚಿ ಆಗಿತ್ತು. ಗುಟ್ಟಾಗಿರಲೆಂದು ಆಪರೇಷನ್ ಬೇಡಿದವಳ ಗತಿ ಇದು.

ನಮ್ಮ ಕಾಲದಾಗ ಇಂಥವೆಲ್ಲ ಇರಲೇ ಇಲ್ಲ ಎಂಬುದು ಆಯಿಯ ತಕರಾರು. ಇತ್ತು, ಆಯಿ. ಕತ್ತಲ ಕೋಣೆಯಲ್ಲಿ ಸೂಲಗಿತ್ತಿಯೊಬ್ಬಳೇ ಇರುತ್ತಿದ್ದಳು, ಹಳೆ ಬಟ್ಟೆ ಬೂದಿಯ ಜೊತೆ ಎಲ್ಲವನ್ನೂ ಒಯ್ದು ಹಾಕಿ ಬಂದು ಬಾಯಿಗೆ ಬೀಗ ಹಾಕುತ್ತಿದ್ದಳು. ಅರ್ಧ ಊರನ್ನು ಹೆರಿಸಿದವಳು ಬಾಯಿ ಬಿಟ್ಟಿದ್ದರೆ ಊರಿನ ಒಬ್ಬ ಗೌಡತಿಯೂ ತಲೆ ಎತ್ತಿ ತಿರುಗುತ್ತಿರಲಿಲ್ಲ. ದೇಶದಲ್ಲಿ 2005-06ರ ಹೊತ್ತಿಗೆ 100ಕ್ಕೆ 39 ಹೆರಿಗೆ ಆಸ್ಪತ್ರೆಯಲ್ಲಿ ಆಗುತ್ತಿದ್ದವು, 2019-21ರ ಸಮೀಕ್ಷೆಗೆ ಅದು 89 ಆಗಿತ್ತು. ತಾಯಂದಿರೂ ಕೂಸುಗಳೂ ಬದುಕಿದರು, ಅದಕ್ಕಿಂತ ದೊಡ್ಡ ಲಾಭವಿಲ್ಲ. ಸೂಲಗಿತ್ತಿಯ ಬೀಗ ಮಾತ್ರ ಹಳ್ಳಿಯಲ್ಲೇ ಉಳಿಯಿತು. ಇನ್ನು ಮೈಲಿಗೆಯ ಮಾತೆತ್ತುವವರಿಗೆ ಒಂದು ನೆನಪು. ಈ ಭಾಗದ ಎಷ್ಟೋ ಮನೆಗಳ ಜಗಲಿಯಲ್ಲಿ ಬಸವಣ್ಣನ ಪಟವಿದೆ, ಕಲ್ಯಾಣ ಹಾದಿಯ ಮೇಲೇ ಇದೆ. ಶರಣರು ಬೇಡವೆಂದ ಐದು ಸೂತಕಗಳಲ್ಲಿ ಜನನ ಸೂತಕವೂ ಒಂದು. ಬಸವ ಜಯಂತಿಯ ಭಾಷಣದಲ್ಲಿ ಅದಕ್ಕೆ ಚಪ್ಪಾಳೆ ತಟ್ಟಿದವರು ಹೆರಿಗೆ ವಾರ್ಡಿನಲ್ಲಿ ಮೂಗಿಗೆ ಸೆರಗು ಹಿಡಿದರೆ ಪಟದಲ್ಲಿರುವವನು ಏನೆಂದುಕೊಂಡಾನು?

ಅಷ್ಟಕ್ಕೂ ಈ ಮನೆತನಗಳಿಗೆ ಆ ವಿಷಯದ ಬಗ್ಗೆ ಹೇಸಿಕೆ ಇದೆಯೆಂದು ನಂಬುವುದೇ ಕಷ್ಟ. ಹುಟ್ಟಿದ ಕೂಸು ಮೊದಲ ಸಲ ಕರ್ರಗೆ, ಟಾರಿನ ಹಾಗೆ ಅಂಟಂಟಾಗಿ ಮಾಡಿಕೊಂಡಾಗ ಇಡೀ ವಾರ್ಡಿಗೆ ಹರ್ಷ. ನಾಲ್ಕು ದಿನಕ್ಕೆ ಅದು ಹಳದಿಗೆ ತಿರುಗಿತೆಂಬುದು ಊಟದ ಹೊತ್ತಿನ ಮಾತು. ಒಬ್ಬರು ಹಸಿರು ಛಾಯೆಯಿತ್ತು ಎನ್ನುತ್ತಾರೆ, ಇನ್ನೊಬ್ಬರು ಸಾರಿಗೆ ರೊಟ್ಟಿ ಅದ್ದುತ್ತಲೇ ಅದನ್ನು ಖಂಡಿಸುತ್ತಾರೆ. ತಾಯಿಯ ಕರುಳಿಗೆ ಮಾತ್ರ ಈ ಮನೆಯಲ್ಲಿ ಹೆಸರೇ ಇಲ್ಲ. ಬ್ರಿಟನ್ನಿನಲ್ಲಿ ಸುಮಾರು 600 ಕೂಸುಗಳನ್ನು ಪರೀಕ್ಷಿಸಿ 2019ರಲ್ಲಿ ‘ನೇಚರ್’ ಪತ್ರಿಕೆಯಲ್ಲಿ ಬಂದ ಅಧ್ಯಯನದ ಪ್ರಕಾರ, ಸಹಜವಾಗಿ ಹುಟ್ಟಿದ ಕೂಸಿನ ಹೊಟ್ಟೆಗೆ ಮೊದಲು ಬಂದು ನೆಲೆಸುವ ಸೂಕ್ಷ್ಮಜೀವಿಗಳಲ್ಲಿ ಬಹುಪಾಲು ತಾಯಿಯ ಕರುಳಿನವೇ. ಅಂದಮಾತ್ರಕ್ಕೆ ಒರೆಸುವುದು ಬೇಡವೆಂದಲ್ಲ. ಶುಚಿ ಬೇಕೇ ಬೇಕು. ಆದರೂ ಕೂಸಿನ ಮೈಮೇಲೆ ಬೆಳ್ಳಿ ಉಡದಾರ ಬರುವ ಎಷ್ಟೋ ಮೊದಲೇ ತವರಿನ ಕೊಡುಗೆ ಒಳಗೆ ಸೇರಿರುತ್ತದೆ.

ಈಗ ಜಗಳಕ್ಕೆ ಬರೋಣ. ಒಳಗೆ ಯಾರೂ ಬೇಡವೆನ್ನುವ ಹುಡುಗಿಯ ಹಟವನ್ನು ನಾನು ಒಪ್ಪುವುದಿಲ್ಲ. ಬ್ಯಾನಿಯ ಹೊತ್ತಿಗೆ ಕೈ ಹಿಡಿಯುವವರು ಪಕ್ಕದಲ್ಲಿದ್ದರೆ ಹೆರಿಗೆ ಸುಲಭವಾಗುತ್ತದೆಂಬುದಕ್ಕೆ ಸಾಕಷ್ಟು ಆಧಾರವಿದೆ, ಸರ್ಕಾರಿ ಆಸ್ಪತ್ರೆಗಳಲ್ಲಿ ಜೊತೆಗಾತಿಗೆ ಕೇಂದ್ರದ ಆರೋಗ್ಯ ಇಲಾಖೆ 2016ರಲ್ಲೇ ಅನುಮತಿ ಕೊಟ್ಟಿದೆ. ಆಕೆ ಹೆಣ್ಣಾಗಿರಬೇಕು, ಹೆತ್ತ ಅನುಭವವಿದ್ದರೆ ಒಳ್ಳೆಯದು. ಮರೆ ಇರುವ ಕೋಣೆಯಾದರೆ ಗಂಡನೂ ನಿಲ್ಲಬಹುದು. ಶುಭ್ರ ಬಟ್ಟೆ ಉಟ್ಟಿರಬೇಕು, ಸಿಬ್ಬಂದಿಯ ಕೆಲಸದಲ್ಲಿ ತಲೆ ಹಾಕಬಾರದು, ಕೋಣೆಯಲ್ಲಿರುವ ಬೇರೆ ಹೆಂಗಸರ ಕಡೆಗೆ ಹೋಗಬಾರದು. ಈ ಕೊನೆಯ ಷರತ್ತಿನಲ್ಲೇ ಅಬಚಿ ನಪಾಸು. ಇಸ್ತ್ರಿ ಸೀರೆಯಲ್ಲಿ ಒಳಗೆ ಹೊಕ್ಕ ಎರಡನೆಯ ನಿಮಿಷಕ್ಕೆ ಪಕ್ಕದ ಹಾಸಿಗೆಯಲ್ಲಿ ಕಿರುಚುತ್ತಿರುವವಳನ್ನು ‘ಯಾ ಊರವ್ವ ನಿಮ್ದು?’ ಎಂದು ಕೇಳಿರುತ್ತಾಳೆ, ಐದನೆಯ ನಿಮಿಷಕ್ಕೆ ಬಸವಕಲ್ಯಾಣದ ಕಡೆಯಿಂದ ಸಂಬಂಧ ಹಚ್ಚಿರುತ್ತಾಳೆ. ಗುಟ್ಟು ಕಾಯುವ ಷರತ್ತೊಂದನ್ನು ಇಲಾಖೆ ಬರೆಯಲಿಲ್ಲ. ಅದನ್ನು ಮನೆಯವರೇ ಬರೆದುಕೊಳ್ಳಬೇಕು. ನಾಲಿಗೆ ಗಟ್ಟಿ ಇರುವವಳು ಅತ್ತೆಯಾದರೆ ಅತ್ತೆಯೇ ನಿಲ್ಲಲಿ, ಅವ್ವ ಹೊರಗೆ ಕೂಡಲಿ. ಇದು ತವರಿಗೆ ಅವಮಾನ ಎನ್ನುವವರು ಹುಡುಗಿಯನ್ನೇ ಒಮ್ಮೆ ಕೇಳಿ ನೋಡಲಿ. ಎಷ್ಟೋ ಹುಡುಗಿಯರು ಬಾಯಿ ಬಿಗಿದ ಅತ್ತೆಯ ಹೆಸರನ್ನೇ ಹೇಳಿಯಾರು, ಅವ್ವ ಮೂರು ದಿನ ಮಾತು ಬಿಟ್ಟಾಳು, ಕೂಸಿನ ಮುಖ ನೋಡಿ ನಾಲ್ಕನೆಯ ದಿನ ಸರಿಹೋದಾಳು.

ಒಂದೇ ಒಂದು ಕಡೆ ಗುಟ್ಟು ಕಾಯಬಾರದು. ಹೆರಿಗೆಯ ಕೋಣೆಯಲ್ಲಿ ಆದದ್ದು ಅಲ್ಲಿಗೇ ಮುಗಿಯಿತು. ಆದರೆ ಮನೆಗೆ ಬಂದು ವಾರಗಳು ಕಳೆದ ಮೇಲೂ ಮೂತ್ರವೋ ಮಲವೋ ಗಾಳಿಯೋ ತಡೆಯಲಾಗದೆ ತಾನಾಗಿ ಹೋಗುತ್ತಿದ್ದರೆ ಅದು ನಾಚಿಕೆಯ ವಿಷಯವಲ್ಲ, ಹೆರಿಗೆಯಲ್ಲಿ ಆದ ಗಾಯ, ಮತ್ತು ಅದಕ್ಕೆ ಮದ್ದಿದೆ. ಬಾಣಂತಿ ಶೇಪು, ಅಂಟಿನುಂಡಿಗಳ ನಡುವೆ ಸುಮ್ಮನೆ ಕೂತು ಸೀರೆ ಬದಲಿಸುತ್ತಿರುವುದನ್ನು ಮೊದಲು ಕಾಣುವವಳು ಬಟ್ಟೆ ಒಗೆಯುವ ಅತ್ತೆಯೋ ಅವ್ವನೋ. ಅಂಥ ದಿನ ಭಾಲ್ಕಿಗೂ ಫೋನು ಬೇಡ, ಆಳಂದಕ್ಕೂ ಬೇಡ. ಆಕೆಯನ್ನು ಕರೆದುಕೊಂಡು ನೇರ ಡಾಕ್ಟರ ಹತ್ತಿರ ಹೋಗಿ.