ಸರ್ಕಾರಿ ಶಾಲಾಜಾಲ ಮೀಮಾಂಸೆ

ಉಪೋದ್ಘಾತ

ಯಾವ ಶಾಸ್ತ್ರವನ್ನು ಆರಂಭಿಸುವಾಗಲೂ ವಿಷಯ, ಪ್ರಯೋಜನ, ಸಂಬಂಧ, ಅಧಿಕಾರಿ ಎಂಬ ನಾಲ್ಕನ್ನು ಮೊದಲಿಗೆ ನಿರೂಪಿಸತಕ್ಕದ್ದೆಂಬುದು ಪೂರ್ವಾಚಾರ್ಯರ ಕಟ್ಟಳೆ. ಪ್ರಕೃತ ಗ್ರಂಥದ ವಿಷಯವು ಕರ್ನಾಟಕದ 45,000ಕ್ಕೂ ಮಿಕ್ಕ ಸರ್ಕಾರಿ ಶಾಲೆಗಳನ್ನು ತಂತ್ರಜ್ಞಾನದ ಒಂದೇ ಜಾಲದಲ್ಲಿ ಬೆಸೆಯುವ ಮಹಾಕಾರ್ಯ. ಪ್ರಯೋಜನವು ಬೀದರಿನ ಗಡಿಯ ಮಗುವಿಗೂ ರಾಜಧಾನಿಯ ಮಗುವಿಗೂ ಸಮಾನವಾದ ವಿದ್ಯೆ ಸಮಾನಕಾಲದಲ್ಲಿ ಲಭಿಸುವುದು. ಸಂಬಂಧ, ಅಂದರೆ ಜಾಲಕ್ಕೂ ಶಾಲೆಗೂ ಇರುವ ನಂಟು, ವಿವಾದಾಸ್ಪದವಾದದ್ದರಿಂದ ಗ್ರಂಥವಿಡೀ ಅದರ ಚರ್ಚೆಗೇ ಮೀಸಲು. ನಾಲ್ಕನೆಯದಾದ ಅಧಿಕಾರಿಯು ಸದ್ಯ ವೀಡಿಯೊ ಸಂವಾದದಲ್ಲಿ ಇರುವುದರಿಂದ ಆ ನಿರೂಪಣೆಯನ್ನು ಮುಂದಿನ ಆವೃತ್ತಿಗೆ ಬಿಡಲಾಗಿದೆ.

ನಾವೇ ಸೂತ್ರವನ್ನು ರಚಿಸಿ, ನಾವೇ ಭಾಷ್ಯವನ್ನು ಬರೆದು, ಕಡೆಗೆ ಅದನ್ನು ನಾವೇ ಮೆಚ್ಚಿಕೊಂಡಿರುವುದು ಸಹೃದಯರಿಗೆ ಅನುಚಿತವೆಂದು ತೋರಬಹುದು. ಆದರೆ ಯೋಜನೆಯನ್ನು ರೂಪಿಸಿದವರೇ ಅದರ ಯಶಸ್ಸನ್ನೂ ಅಳೆದು ವರದಿ ಬರೆಯುವ ಪದ್ಧತಿ ಈ ಕ್ಷೇತ್ರದಲ್ಲಿ ಬೇರೂರಿರುವುದರಿಂದ ನಮ್ಮದು ಶಿಷ್ಟಾಚಾರವೇ ಹೊರತು ಸ್ವೇಚ್ಛಾಚಾರವಲ್ಲ.

ಪ್ರಥಮ ಪ್ರಕರಣ: ಅವತಾರನಿರೂಪಣ

ಸೂತ್ರ: ಜಾಲವು ಮೇಲಿನಿಂದ ಇಳಿದು ಬರುವುದು, ಅವಧಿ ತೀರಲು ಮರಳುವುದು.

ಭಾಷ್ಯ: ಮೊದಲನೆಯ ಅವತಾರವು 1975ರ ಆಗಸ್ಟ್ 1ರಂದು ಆಯಿತು. ಅಮೆರಿಕದವರಿಂದ ಎರವಲು ತಂದ ಎ.ಟಿ.ಎಸ್.-6 ಎಂಬ ಉಪಗ್ರಹವು ಆರು ರಾಜ್ಯಗಳ ಸುಮಾರು 2,400 ಹಳ್ಳಿಗಳಿಗೆ ದೂರದರ್ಶನದ ಮೂಲಕ ಬೋಧನೆಯನ್ನು ಸುರಿಸತೊಡಗಿದಾಗ, ನಮ್ಮ ನಾಡಿನಲ್ಲಿ ಬಿಜಾಪುರ, ಗುಲ್ಬರ್ಗಾ, ರಾಯಚೂರು ಜಿಲ್ಲೆಗಳ ಹಳ್ಳಿಗಳು ಆ ಕೃಪೆಗೆ ಪಾತ್ರವಾದವು. ಕೋಳಿಗೂಡಿಗೆ ಕಟ್ಟುವ ತಂತಿಬಲೆಯಿಂದಲೇ ಮಾಡಿದ, ಹತ್ತಡಿಯಷ್ಟು ಅಗಲದ ತಟ್ಟೆಯೊಂದು ಆಕಾಶದತ್ತ ಬಾಯ್ದೆರೆದು ನಿಂತು, ಬೆಳಗಿನ ಹೊತ್ತು ಮಕ್ಕಳಿಗೆ ಪಾಠವನ್ನೂ ಸಂಜೆ ಹಿರಿಯರಿಗೆ ಬೇಸಾಯವನ್ನೂ ಆರೋಗ್ಯವನ್ನೂ ಹಿಡಿದು ಕೊಟ್ಟಿತು. 1976ರ ಜುಲೈ 31ಕ್ಕೆ ಸರಿಯಾಗಿ ಒಂದು ವರ್ಷ ತುಂಬಿತು. ಎರವಲಿನ ಉಪಗ್ರಹವು ಹಿಂದಿರುಗಿತು. ತಟ್ಟೆಯು ಬಾಯ್ದೆರೆದಂತೆಯೇ ಉಳಿಯಿತು.

ಎರಡನೆಯದು ಭೂಚರವಾದ ಅವತಾರ. 2001ರ ಸುಮಾರಿನಲ್ಲಿ ಮಾಹಿತಿ ಸಿಂಧು ಎಂಬ ಹೆಸರಿನಿಂದ ಸುಮಾರು ಒಂದು ಸಾವಿರ ಸರ್ಕಾರಿ ಪ್ರೌಢಶಾಲೆಗಳಿಗೆ ಗಣಕಯಂತ್ರಗಳು ಬಂದವು. ಆ ತರುವಾಯ ಕೇಂದ್ರದ ನೆರವಿನಿಂದ ನಡೆದ ಯೋಜನೆಗಳಲ್ಲಿ ಒಂದು ರಮಣೀಯವಾದ ಕ್ರಮವು ರೂಢಿಗೆ ಬಂದಿತು: ಗುತ್ತಿಗೆದಾರನು ಯಂತ್ರಗಳನ್ನು ತಂದು ಸ್ಥಾಪಿಸಿ, ಐದು ವರ್ಷ ತನ್ನ ಸ್ವತ್ತಾಗಿಯೇ ನಡೆಯಿಸಿ, ಕಡೆಗೆ ಶಾಲೆಗೆ ಒಪ್ಪಿಸಿ ತೆರಳುವುದು. ಯಂತ್ರದ ಆಯುಸ್ಸೂ ಹೆಚ್ಚು ಕಡಿಮೆ ಐದೇ ವರ್ಷವಾದ್ದರಿಂದ, ಅದು ಶಾಲೆಯ ಸ್ವತ್ತಾಗುವ ಗಳಿಗೆಯೂ ಅದರ ಅಂತ್ಯಕಾಲವೂ ಕೂಡಿಬರುವ ಯೋಗವು ಇಲ್ಲಿ ಸಿದ್ಧಿಸುತ್ತದೆ. ಇದನ್ನು ವೈರಾಗ್ಯಬೋಧೆಯ ಪಠ್ಯವೆಂದು ಪರಿಗಣಿಸಬೇಕೆಂದು ಕೆಲವರ ಮತ. ಇಂದಿಗೂ ಎಷ್ಟೋ ಪ್ರೌಢಶಾಲೆಗಳಲ್ಲಿ ಬೀಗ ಹಾಕಿದ ಒಂದು ಕೋಣೆಯುಂಟು. ಒಳಗೆ ಬಟ್ಟೆ ಹೊದ್ದ ಮಾನಿಟರುಗಳು, ಬ್ಯಾಟರಿ ಸತ್ತ ಯು.ಪಿ.ಎಸ್., ಗೋಡೆಯ ಮೇಲೆ ಗಣಕದ ಅಂಗಾಂಗಗಳನ್ನು ಬಣ್ಣದಲ್ಲಿ ಬರೆದ ಚಿತ್ರ. ಬೀಗದ ಕೈ ಮುಖ್ಯೋಪಾಧ್ಯಾಯರ ಮೇಜಿನ ಖಾನೆಯಲ್ಲಿ, ಸ್ಟಾಕ್ ರಿಜಿಸ್ಟರಿನ ಜೊತೆಗೆ. ಯಂತ್ರವು ಕೆಟ್ಟರೆ ತಪ್ಪಲ್ಲ, ಕಳೆದರೆ ತಪ್ಪು ಎಂಬ ಲೆಕ್ಕಪರಿಶೋಧನೆಯ ಧರ್ಮಸೂಕ್ಷ್ಮವನ್ನು ಅರಿತವರು ಆ ಬೀಗವನ್ನು ಹಳಿಯಲಾರರು.

ಮೂರನೆಯದು ಪುನಃ ಗಗನಚರ. 2004ರ ಸೆಪ್ಟೆಂಬರ್ 20ರಂದು ಶ್ರೀಹರಿಕೋಟೆಯಿಂದ 1,950 ಕಿಲೋಗ್ರಾಂ ತೂಕದ ಎಜುಸ್ಯಾಟ್ ನೆಗೆಯಿತು. ಶಿಕ್ಷಣಕ್ಕೆಂದೇ ಮುಡಿಪಾದ ಉಪಗ್ರಹವನ್ನು ನಾವೇ ನಿರ್ಮಿಸಿ ನಾವೇ ಹಾರಿಸಿದೆವೆಂಬ ಹೆಮ್ಮೆಯು ನ್ಯಾಯವಾದದ್ದೇ. ಚಾಮರಾಜನಗರ ಜಿಲ್ಲೆಯ ಪ್ರಾಥಮಿಕ ಶಾಲೆಗಳು ಅದರ ಮೊದಲ ಫಲವನ್ನು ಉಂಡವು. 2010ರಲ್ಲಿ ಅದೂ ನಿವೃತ್ತಿ ಹೊಂದಿತು. ಪಿಂಚಣಿಯ ಕಡತವಿಲ್ಲದೆ ನಿವೃತ್ತವಾದ ಸರ್ಕಾರಿ ಸೇವಕನು ಪ್ರಾಯಶಃ ಅದೊಂದೇ.

ನಾಲ್ಕನೆಯದು ಪಾತಾಳಚರ. ದೇಶದ ಸುಮಾರು ಎರಡೂವರೆ ಲಕ್ಷ ಗ್ರಾಮ ಪಂಚಾಯಿತಿಗಳಿಗೆ ಗಾಜಿನ ತಂತುವನ್ನು ನೆಲದೊಳಗಿಂದ ಎಳೆಯತಕ್ಕದ್ದೆಂದು 2011ರಲ್ಲಿ ನಿರ್ಣಯವಾಗಿ, ಮುಂದೆ ಭಾರತ್‌ನೆಟ್ ಎಂಬ ನಾಮಕರಣವಾಯಿತು. ಆ ತಂತು ಪಂಚಾಯಿತಿ ಕಛೇರಿಯ ಗೋಡೆಯ ಪೆಟ್ಟಿಗೆಯವರೆಗೆ ಬರುವುದು ಸುಲಭ, ಏಕೆಂದರೆ ಅದು ಬರೀ ಸಾವಿರಾರು ಮೈಲಿಗಳ ಪ್ರಶ್ನೆ. ಅಲ್ಲಿಂದ ರಸ್ತೆಯಾಚೆಗಿನ ಶಾಲೆಗೆ ಹೋಗುವುದು ಕಷ್ಟ, ಏಕೆಂದರೆ ಅದು ಎರಡು ಇಲಾಖೆಗಳ ನಡುವಣ ದೂರ. ಮೊದಲನೆಯದನ್ನು ಕಿಲೋಮೀಟರಿನಲ್ಲಿ ಅಳೆಯುವರು, ಎರಡನೆಯದನ್ನು ಪತ್ರವ್ಯವಹಾರದಲ್ಲಿ.

ದ್ವಿತೀಯ ಪ್ರಕರಣ: ಗತಿವಿಚಾರ

ಸೂತ್ರ: ವಿದ್ಯೆಯ ಗತಿ ಅಧೋಮುಖ, ಮಾಹಿತಿಯ ಗತಿ ಊರ್ಧ್ವಮುಖ, ಎರಡನೆಯದೇ ಬಲವತ್ತರ.

ಭಾಷ್ಯ: ಜಾಲದಲ್ಲಿ ಎರಡು ಪ್ರವಾಹಗಳುಂಟು. ಮೇಲಿನಿಂದ ಶಾಲೆಗೆ ಪಾಠವು ಇಳಿಯುವುದೊಂದು. ಶಾಲೆಯಿಂದ ಮೇಲಕ್ಕೆ ಅಂಕಿಅಂಶವು ಏರುವುದಿನ್ನೊಂದು. ಜಾಲವನ್ನು ಕಲ್ಪಿಸಿದವರು ಮೊದಲನೆಯದರ ಹೆಸರಿನಲ್ಲಿ ಕಲ್ಪಿಸಿದರು. ಬಳಕೆಯಲ್ಲಿ ನಿಂತದ್ದು ಎರಡನೆಯದು. ಪಾಠವು ಇಳಿಯಬೇಕಾದರೆ ವಿದ್ಯುತ್ತು, ಪರದೆ, ಅಂತರ್ಜಾಲ, ಬಿಡುವಿನ ತರಗತಿ, ತರಬೇತಿ ಪಡೆದ ಶಿಕ್ಷಕ ಇವೆಲ್ಲವೂ ಒಟ್ಟುಗೂಡಬೇಕು; ಅಂಕಿ ಏರಬೇಕಾದರೆ ಒಬ್ಬ ಮುಖ್ಯೋಪಾಧ್ಯಾಯರೂ ಅವರ ಸ್ವಂತ ಮೊಬೈಲೂ ಸಾಕು.

ನಿದರ್ಶನಾರ್ಥವಾಗಿ ಒಂದು ಕಿರಿಯ ಪ್ರಾಥಮಿಕ ಶಾಲೆಯ ಹನ್ನೊಂದು ಗಂಟೆಯ ಹೊತ್ತನ್ನು ಗ್ರಹಿಸೋಣ. ಶಾಲೆಗೆ 29 ಎಂಬ ರಾಜ್ಯಸಂಖ್ಯೆಯಿಂದ ಮೊದಲಾಗುವ ಹನ್ನೊಂದು ಅಂಕಿಗಳ ಯುಡೈಸ್ ಸಂಕೇತವುಂಟು; ಶಿಕ್ಷಕರು ಇಬ್ಬರು; ಒಬ್ಬರು ತರಬೇತಿಗೆ ಹೋಗಿರುವರು. ಉಳಿದವರು ಒಂದರಿಂದ ಐದರವರೆಗಿನ ಮಕ್ಕಳಿಗೆ ಮಗ್ಗಿ ಬರೆಯಲು ಹೇಳಿ, ಸಿಗ್ನಲ್ ಸಿಗುವ ನೀರಿನ ಟ್ಯಾಂಕಿನ ಬಳಿಗೆ ಬಂದು ನಿಂತಿರುವರು. ಇಂದು ಬಿಸಿಯೂಟ ಉಣ್ಣುವವರೆಷ್ಟು, ಹಾಲು ಕುಡಿದವರೆಷ್ಟು, ಮೊಟ್ಟೆ ತಿನ್ನುವವರೆಷ್ಟು, ಮೊಟ್ಟೆ ಒಲ್ಲದೆ ಬಾಳೆಹಣ್ಣು ಪಡೆಯುವವರೆಷ್ಟು ಎಂಬುದು ಏರಬೇಕು. ಮೂರನೆಯ ತರಗತಿಯ ಹುಡುಗಿಯೊಬ್ಬಳ ಆಧಾರ್‌ನಲ್ಲಿ ಇನಿಷಿಯಲ್ ಹಿಂದಿದೆ, ವಿದ್ಯಾರ್ಥಿಗಳ ದಾಖಲೆಯಿಡುವ ಎಸ್.ಎ.ಟಿ.ಎಸ್. ತಂತ್ರಾಂಶದಲ್ಲಿ ಮುಂದಿದೆ, ಆದಕಾರಣ ಅವಳು ಅವಳೇ ಎಂಬುದು ಸಿದ್ಧವಾಗದೆ ನಿಂತಿದೆ. ಅವಳು ಎದುರಿಗೇ ಕೈಕಟ್ಟಿ ನಿಂತಿರುವುದು ಪ್ರತ್ಯಕ್ಷಪ್ರಮಾಣವಾದರೂ ಜಾಲವು ಪ್ರತ್ಯಕ್ಷವನ್ನು ಒಪ್ಪದು, ಒ.ಟಿ.ಪಿ.ಯೊಂದೇ ಪ್ರಮಾಣ. ಆ ಒ.ಟಿ.ಪಿ. ಅವಳ ತಂದೆಯ ಫೋನಿಗೆ ಬಂದಿದೆ; ತಂದೆಯು ಹೊಲದಲ್ಲಿರುವನು; ಹೊಲದಲ್ಲಿ ಸಿಗ್ನಲ್ ಇಲ್ಲ.

ಅಷ್ಟರಲ್ಲಿ ವಾಟ್ಸಾಪ್ ಗುಂಪಿನಲ್ಲಿ ಸಂದೇಶವು ಮೂಡುತ್ತದೆ. ಈ ಸಂದೇಶಗಳನ್ನು ನಾವು ಮೂರು ವರ್ಗಗಳಾಗಿ ವಿಂಗಡಿಸಿದ್ದೇವೆ: ತುರ್ತು, ಅಂದರೆ ನಾಳೆಯೊಳಗೆ; ಅತಿ ತುರ್ತು, ಅಂದರೆ ಸಂಜೆ 4ರೊಳಗೆ; ಅತ್ಯಂತ ಜರೂರು, ಅಂದರೆ ನಿನ್ನೆಯೇ ಕೊಡಬೇಕಾಗಿದ್ದದ್ದು. ಅದರ ಬೆನ್ನಿಗೇ ಕ್ಲಸ್ಟರಿನ ಸಂಪನ್ಮೂಲ ವ್ಯಕ್ತಿಯಾದ ಸಿ.ಆರ್.ಪಿ.ಯವರ ಕರೆ: “ಮೇಷ್ಟ್ರೇ, ನಿಮ್ಮ ಶಾಲೆಯದೊಂದೇ ಪೆಂಡಿಂಗ್ ಇದೆ ನೋಡ್ರಿ.” ಈ ವಾಕ್ಯವನ್ನು ಅವರು ಕ್ಲಸ್ಟರಿನ ಪ್ರತಿಯೊಂದು ಶಾಲೆಗೂ ಹೇಳುತ್ತಾರೆ, ಪ್ರತಿಯೊಂದು ಶಾಲೆಯೂ ಬಾಕಿಯಿರುವ ಏಕೈಕ ಶಾಲೆಯಾಗಿರುವುದರಿಂದ ಶಾಲೆಗಳೆಲ್ಲವೂ ಒಂದೇ ಎಂದು ಸಿದ್ಧವಾಗುತ್ತದೆ. ಆಕಾಶದ ಉಪಗ್ರಹಕ್ಕೂ ಪಾತಾಳದ ತಂತುವಿಗೂ ಸಾಧ್ಯವಾಗದ ಐಕ್ಯವನ್ನು ಒಂದು ದೂರವಾಣಿ ಕರೆಯು ಸಾಧಿಸುವ ಪರಿಯನ್ನು ಅದ್ವೈತಿಗಳು ಗಮನಿಸಲಿ.

ತೃತೀಯ ಪ್ರಕರಣ: ಪೂರ್ವಪಕ್ಷ

ಇಲ್ಲಿ ಪೂರ್ವಪಕ್ಷಿಯು ಏಳುತ್ತಾನೆ: ಪಠ್ಯಪುಸ್ತಕಗಳಲ್ಲಿ ಚೌಕದ ಕ್ಯೂಆರ್ ಗುರುತುಗಳನ್ನು ಮುದ್ರಿಸಿಲ್ಲವೇ? 2017ರ ಸೆಪ್ಟೆಂಬರ್ 5ರಂದು ಉದ್ಘಾಟಿತವಾದ ದೀಕ್ಷಾ ಎಂಬ ಪಾಠಜಾಲತಾಣದಿಂದ ಪಾಠವು ಇಳಿಯುತ್ತಿಲ್ಲವೇ? ಇಳಿಯುತ್ತಿದೆ, ನಿರಾಕರಿಸುವವರಾರು? ಆದರೆ ಆ ಚೌಕವನ್ನು ತೆರೆಯುವ ಫೋನು ಮೊದಲೇ ನಿರೂಪಿಸಿದಂತೆ ಹೊಲದಲ್ಲಿದೆ.

ಸೋಲದ ಪೂರ್ವಪಕ್ಷಿಯು ನೆರೆರಾಜ್ಯದ ದೃಷ್ಟಾಂತವನ್ನು ತರುತ್ತಾನೆ. ಕೇರಳವು 2001ರಲ್ಲಿ ಐಟಿ ಅಟ್ ಸ್ಕೂಲ್ ಎಂಬ ಕಾರ್ಯವನ್ನು ಆರಂಭಿಸಿ, ಗುತ್ತಿಗೆದಾರನ ಬೋಧಕನಿಗೆ ಬದಲಾಗಿ ಶಾಲಾಶಿಕ್ಷಕರನ್ನೇ ತರಬೇತುದಾರರನ್ನಾಗಿ ಬೆಳೆಯಿಸಿತು. ಪರವಾನಗಿ ಶುಲ್ಕವಿಲ್ಲದ ಸ್ವತಂತ್ರ ತಂತ್ರಾಂಶವನ್ನು ಆರಿಸಿಕೊಂಡಿತು. 2017ರಲ್ಲಿ ಆ ಕಾರ್ಯವನ್ನು ಕೈಟ್ ಎಂಬ ಸರ್ಕಾರಿ ಸಂಸ್ಥೆಯನ್ನಾಗಿಸಿ, ಎಂಟರಿಂದ ಹನ್ನೆರಡರವರೆಗಿನ ಸುಮಾರು 45,000 ತರಗತಿಗಳಿಗೆ ಪ್ರೊಜೆಕ್ಟರನ್ನೂ ಲ್ಯಾಪ್‌ಟಾಪನ್ನೂ ಒದಗಿಸುವ ಕಾರ್ಯಕ್ಕೆ ಕೈಹಾಕಿತು. ಯಂತ್ರಗಳನ್ನು ನೋಡಿಕೊಳ್ಳುವುದರಲ್ಲಿ ಮಕ್ಕಳ ಸಂಘಗಳನ್ನೂ ಜೊತೆಗೂಡಿಸಿತು. ಈ ದೃಷ್ಟಾಂತವನ್ನು ಖಂಡಿಸಲು ನಾವು ಬಹುಕಾಲ ಶ್ರಮಿಸಿದೆವು. ಅಲ್ಲಿಯ ಮಳೆ ಬೇರೆ, ಮಣ್ಣು ಬೇರೆ, ವಿಸ್ತಾರ ಬೇರೆ ಎಂಬ ಮೂರು ಹೇತುಗಳನ್ನು ಮುಂದಿಟ್ಟೆವು. ಮಂಗಳೂರಿನಿಂದ ರೈಲಿನಲ್ಲಿ ಕಾಸರಗೋಡು ಒಂದು ಗಂಟೆಯ ಹಾದಿಯೆಂದೂ, ಆ ನಡುವೆ ಮಳೆಯಾಗಲಿ ಮಣ್ಣಾಗಲಿ ಬದಲಾಗುವುದಿಲ್ಲವೆಂದೂ, ಅಲ್ಲಿಯ ಕನ್ನಡ ಶಾಲೆಗಳೂ ಅದೇ ವ್ಯವಸ್ಥೆಯೊಳಗೆ ಇವೆಯೆಂದೂ ಪೂರ್ವಪಕ್ಷಿಯು ನುಡಿದ ಮೇಲೆ, ಶಾಸ್ತ್ರಮರ್ಯಾದೆಯನ್ನು ಉಳಿಸುವುದಕ್ಕಾಗಿ ಪ್ರಕರಣವನ್ನು ಮುಗಿಸಲಾಯಿತು.

ಸಿದ್ಧಾಂತ

ಆದುದರಿಂದ ನಿರ್ಣಯವಿಷ್ಟು. ರಾಜ್ಯವ್ಯಾಪಿಯಾದ ಶಾಲಾಜಾಲವನ್ನು ಇನ್ನು ಕಟ್ಟಬೇಕಾಗಿಲ್ಲ. ಅದು ಆಗಲೇ ಇದೆ. ಶಿಕ್ಷಕರು ತಮ್ಮ ಸಂಬಳದಿಂದ ಕೊಂಡ ಫೋನುಗಳು ಅದರ ಯಂತ್ರಾಗಾರ, ಅವರೇ ತುಂಬುವ ರೀಚಾರ್ಜ್ ಅದರ ಅನುದಾನ, ಮಗ್ಗಿ ಬರೆಯುತ್ತ ಕಾದು ಕುಳಿತ ಮಕ್ಕಳ ಹೊತ್ತು ಅದರ ಇಂಧನ. ಟೆಂಡರ್ ಕರೆಯದೆ, ಶಂಕುಸ್ಥಾಪನೆಯಿಲ್ಲದೆ, ಅವಧಿ ತೀರಿ ಮರಳುವ ಭಯವೂ ಇಲ್ಲದೆ ನಡೆದು ಬಂದ ಜಾಲವು ಇದೊಂದೇ. ಇದರಲ್ಲಿ ಉಳಿದಿರುವ ನ್ಯೂನತೆ, ಪ್ರವಾಹವು ಒಂದೇ ದಿಕ್ಕಿಗೆ ಹರಿಯುವುದು. ಅದಕ್ಕೆ ನಾವು ವಿಧಿಸುವುದು ಪ್ರತಿದಾನನ್ಯಾಯ: ಶಾಲೆಯಿಂದ ಒಂದು ಅಂಕಿ ಏರಿದರೆ ಅದಕ್ಕೆ ಪ್ರತಿಯಾಗಿ ಶಾಲೆಗೆ ಒಂದು ವಸ್ತು ಇಳಿಯತಕ್ಕದ್ದು. ಒಂದು ವರ್ಷದ ಅಂಕಿಗಳಿಗೆ ಒಂದು ಅಂತರ್ಜಾಲ ಸಂಪರ್ಕ ಹಾಗೂ ಅದರ ತಿಂಗಳ ಬಿಲ್ಲು; ಎರಡು ವರ್ಷಕ್ಕೆ ಯಂತ್ರ ಕೆಟ್ಟಾಗ ಬರುವ ಒಬ್ಬ ರಿಪೇರಿಯವನು; ಮೂರು ವರ್ಷಕ್ಕೆ ಒಬ್ಬ ಪೂರ್ಣಕಾಲಿಕ ಶಿಕ್ಷಕ. ಇದುವರೆಗೆ ಏರಿರುವ ಅಂಕಿಗಳ ಬಾಕಿಯನ್ನು ಈ ನ್ಯಾಯದಿಂದ ತೀರಿಸಹೊರಟರೆ ಕರ್ನಾಟಕದ ಪ್ರತಿ ಶಾಲೆಯೂ ಒಂದೊಂದು ವಿಶ್ವವಿದ್ಯಾಲಯವಾಗಬೇಕಾದೀತು ಎಂಬ ಭೀತಿಯಿಂದ ಆರ್ಥಿಕ ಇಲಾಖೆಯು ಈ ಸಿದ್ಧಾಂತವನ್ನು ಪರಿಶೀಲನೆಗೆ ಇಟ್ಟುಕೊಳ್ಳುವುದು ಸಂಭವನೀಯ.

ಫಲಶ್ರುತಿ

ಈ ಮೀಮಾಂಸೆಯನ್ನು ನಿತ್ಯವೂ ಪಠಿಸುವ ಮುಖ್ಯೋಪಾಧ್ಯಾಯರಿಗೆ ಸರ್ವರು ಪ್ರಥಮಯತ್ನದಲ್ಲಿಯೇ ತೆರೆದುಕೊಳ್ಳುವುದು, ಹೆಸರುಗಳು ತಾಳೆಯಾಗುವುವು, ಕಳೆದುಹೋದ ಪಾಸ್‌ವರ್ಡು ಕನಸಿನಲ್ಲಿ ಗೋಚರಿಸುವುದು. ಪಠಿಸಿದವರು ತಾವು ಪಠಿಸಿದುದರ ಬಗ್ಗೆ ನಾಲ್ಕು ಛಾಯಾಚಿತ್ರಗಳ ಸಹಿತ ನಿಗದಿತ ನಮೂನೆಯಲ್ಲಿ ವರದಿಯನ್ನು ಇಂದು ಸಂಜೆ 4ರೊಳಗೆ ತಪ್ಪದೆ ಗುಂಪಿನಲ್ಲಿ ಹಾಕತಕ್ಕದ್ದು.